ಸತ್ಯಾಂಶ: ಸಿಟಿ ಸ್ಕ್ಯಾನ್ ‘ನಾರ್ಮಲ್’ ಅಂದರೆ ಸ್ಟ್ರೋಕ್ ಇಲ್ಲವೇ?

‘ತಲೆಸುತ್ತಿಗೆ ಮಾಡಿಸಿದ ಸಿಟಿ ಸ್ಕ್ಯಾನ್ ನಾರ್ಮಲ್ ಬಂತೇ? ಹಾಗಾದರೆ ಸ್ಟ್ರೋಕ್ ಅಲ್ಲ, ಪಿತ್ತ. ಮಜ್ಜಿಗೆ ಕುಡಿದು ಮಲಗಿ.’ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಮಾತಿದು. ಮಜ್ಜಿಗೆಯ ಬಗ್ಗೆ ತಕರಾರಿಲ್ಲ, ಉಳಿದದ್ದು ತಪ್ಪು.

ನಡಿಗೆಯ ಸಮತೋಲ ಕಾಯುವ ಕಿರುಮೆದುಳು ಇರುವುದು ತಲೆಯ ಹಿಂಬದಿಯಲ್ಲಿ, ಕೆಳಗೆ. ಅದರ ಪಕ್ಕದ ಕಿವಿಯ ಮೂಳೆ ಬಲು ಗಟ್ಟಿ. ಸಿಟಿಯ ಎಕ್ಸ್‌ರೇ ಅದನ್ನು ದಾಟುವಾಗ ಚಿತ್ರದ ಮೇಲೆ ಪಟ್ಟೆಗಳು ಬೀಳುತ್ತವೆ. ರಕ್ತಸ್ರಾವವಾಗಿದ್ದರೆ ಸಿಟಿ ಚೆನ್ನಾಗಿಯೇ ತೋರಿಸುತ್ತದೆ. ರಕ್ತನಾಳ ಕಟ್ಟಿಕೊಂಡು ಆದ ಸ್ಟ್ರೋಕ್ ಮಾತ್ರ ಮೊದಲ ಗಂಟೆಗಳಲ್ಲಿ ಬಹಳ ಸಲ ಕಾಣುವುದೇ ಇಲ್ಲ.

ಎಂಆರ್‌ಐ ಎಷ್ಟೋ ಮೇಲು, ಆದರೂ ಮೊದಲೆರಡು ದಿನ ಅದೂ ತಪ್ಪಬಹುದು. ಬಿಡದೆ ತಲೆಸುತ್ತುತ್ತಿದ್ದ 101 ಜನರ ಮೇಲಿನ ಅಮೆರಿಕದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಸ್ಟ್ರೋಕ್ ಇದ್ದವರಲ್ಲೇ ಶೇ 12ರಷ್ಟು ಮಂದಿಯ ಮೊದಲ ಎಂಆರ್‌ಐ ಏನನ್ನೂ ತೋರಿಸಿರಲಿಲ್ಲ. ಅವರನ್ನು ಪತ್ತೆ ಮಾಡಿದ್ದು ಹಾಸಿಗೆಯ ಪಕ್ಕದಲ್ಲೇ ಮಾಡಿದ ಕಣ್ಣಿನ ಪರೀಕ್ಷೆ. ಅದರಲ್ಲೊಂದು ಹೀಗೆ: ವೈದ್ಯರು ರೋಗಿಯ ತಲೆಯನ್ನು ಥಟ್ಟನೆ ಪಕ್ಕಕ್ಕೆ ತಿರುಗಿಸಿ, ನೋಟ ತಮ್ಮ ಮೂಗಿನ ಮೇಲೇ ನಿಂತಿದೆಯೇ ಎಂದು ಗಮನಿಸುತ್ತಾರೆ. ಜಾರಿದರೆ ಸಾಮಾನ್ಯವಾಗಿ ಒಳಗಿವಿಯ ತೊಂದರೆ. ಸುತ್ತು ಜೋರಾಗಿದ್ದೂ ನೋಟ ಜಾರದಿದ್ದರೆ ಅನುಮಾನ ಮೆದುಳಿನ ಮೇಲೆ. (ಮನೆಯಲ್ಲಿ ಮಾಡಲು ಹೋಗಬೇಡಿ, ಕುತ್ತಿಗೆ ಉಳುಕೀತು.)

ಮತ್ತೆ ಸ್ಕ್ಯಾನ್ ಬರೆದರೆ ‘ದುಡ್ಡಿಗೆ’ ಎನ್ನುವವರೂ ಇದ್ದಾರೆ. ಆದರೆ ಸ್ಟ್ರೋಕ್ ಆದ ಎರಡು-ಮೂರು ದಿನಕ್ಕೆ ಕಿರುಮೆದುಳು ಬಾತುಕೊಂಡು, ಮೆದುಳಿನ ನೀರು ಹರಿಯುವ ದಾರಿಯನ್ನೇ ಒತ್ತಿಬಿಡಬಲ್ಲದು. ಮತ್ತೆ ಸ್ಕ್ಯಾನ್ ಬರೆಯುವುದು ಈ ಬಾವಿನ ಮೇಲೆ ಕಣ್ಣಿಡಲು, ಅದಕ್ಕೆ ಸಿಟಿಯೇ ಸಾಕಾಗುತ್ತದೆ.

ಸುತ್ತಿನ ಜೊತೆ ಮಾತು ತೊದಲಿದರೆ, ಎರಡೆರಡು ಕಂಡರೆ, ಗೋಡೆ ಹಿಡಿಯದೆ ನಿಲ್ಲಲಾಗದಿದ್ದರೆ 108ಕ್ಕೆ ಕರೆ ಮಾಡಿ.