ಮೆಟ್ರೋ ಬಂದು ಏರಿದ ಜಾಗದ ಬೆಲೆ ಯಾರಿಗೆ ಸೇರ್ಬೇಕು?

ಬೆಂಗಳೂರಿನ ಹೂಡಿ, ಕಾಡುಗೋಡಿ ಕಡೆ ಓಡಾಡೋರು ನೋಡಿರ್ತೀರಿ. ಸೈಟ್ ಮಾರಾಟದ ಬೋರ್ಡಲ್ಲಿ ಎ ಖಾತಾ, ಕಾವೇರಿ ನೀರು ಎಲ್ಲ ಸಣ್ಣಕ್ಷರದಲ್ಲಿ ಕೆಳಗೆ, ಮೇಲೆ ದಪ್ಪಕ್ಷರದಲ್ಲಿ ಮೆಟ್ರೋ ಸ್ಟೇಷನ್‌ಗೆ 500 ಮೀಟರ್ ಅಂತ. ಆ 500 ಮೀಟರ್‌ಗೆ ಬೆಲೆ ತಂದುಕೊಟ್ಟಿದ್ದು ಯಾರು? ಸರ್ಕಾರದ ದುಡ್ಡು, ಸರ್ಕಾರ ತಂದ ಸಾಲ. ಸಾಲ ತೀರಿಸೋ ಭಾರ ಯಾರ ಮೇಲೆ ಬಿತ್ತು ಅಂದ್ರೆ ದಿನಾ ಕಾರ್ಡ್ ತಟ್ಟಿ ಒಳಗೆ ಹೋಗೋರ ಮೇಲೆ. 2025ರ ಫೆಬ್ರವರಿಯಲ್ಲಿ ಗರಿಷ್ಠ ಟಿಕೆಟ್ 60ರಿಂದ 90 ರೂಪಾಯಿ ಆಯ್ತು. ಸ್ಟೇಷನ್ ಪಕ್ಕದಲ್ಲಿ ಖಾಲಿ ಸೈಟ್ ಇಟ್ಕೊಂಡು ಕೂತವರಿಗೆ ಅದರಿಂದ ಏನೂ ಆಗ್ಲಿಲ್ಲ. ಇದು ಅನ್ಯಾಯ ಅಂತ ನನಗೆ ತುಂಬಾ ದಿನದಿಂದ ಅನ್ನಿಸ್ತಿದೆ, ಅದಕ್ಕೇ ಉದ್ದಕ್ಕೆ ಬರೀತಿದೀನಿ.

ಬೇರೆ ಊರುಗಳಲ್ಲಿ ಇದಕ್ಕೊಂದು ದಾರಿ ಮಾಡ್ಕೊಂಡಿದಾರೆ. ಒಂದು ಏರಿಯಾಗೆ ಗೆರೆ ಎಳೀತಾರೆ, ಇವತ್ತು ಅಲ್ಲಿಂದ ಎಷ್ಟು ಆಸ್ತಿ ತೆರಿಗೆ ಬರ್ತಿದೆಯೋ ಅದು ಎಂದಿನಂತೆ ಪಾಲಿಕೆಗೆ, ಮುಂದೆ ರೈಲೋ ರಸ್ತೆಯೋ ಬಂದ ಮೇಲೆ ಹೆಚ್ಚಾಗೋ ತೆರಿಗೆ ಮಾತ್ರ ಪ್ರತ್ಯೇಕ ಖಾತೆಗೆ, ಆ ಖಾತೆ ತೋರಿಸಿ ಇವತ್ತೇ ಸಾಲ ಎತ್ತಿ ಕೆಲಸ ಶುರು ಮಾಡ್ತಾರೆ. ರೈತ ಹೊಲದಲ್ಲಿರೋ ಪೈರು ತೋರಿಸಿ ಸಾಲ ತಂದ ಹಾಗೆ. ಪೈರು ನಿಜವಾಗ್ಲೂ ಇರ್ಬೇಕು ಅಷ್ಟೇ.

ಲಂಡನ್‌ನಲ್ಲಿ ಬ್ಯಾಟರ್ಸಿ ಅಂತ ಒಂದು ಜಾಗ, ಮುಚ್ಚಿಹೋದ ದೊಡ್ಡ ಪವರ್ ಸ್ಟೇಷನ್ ಸುತ್ತ ವರ್ಷಗಟ್ಟಲೆ ಪಾಳು ಬಿದ್ದಿತ್ತು. ಅಲ್ಲಿಗೆ ನಾರ್ದರ್ನ್ ಲೈನ್ ಅನ್ನೋ ಮೆಟ್ರೋ ಲೈನನ್ನ ಕೆನ್ನಿಂಗ್ಟನ್‌ನಿಂದ ಎಳೆಯೋಕೆ ನಗರಾಡಳಿತ 100 ಕೋಟಿ ಪೌಂಡ್‌ವರೆಗೆ ಸಾಲ ಮಾಡೋ ಪ್ಲಾನ್ ಮಾಡ್ತು. ತೀರಿಸೋದು ಆ ಏರಿಯಾದ ಆಫೀಸು ಅಂಗಡಿಗಳ ಮೇಲಿನ ತೆರಿಗೆಯಲ್ಲಿ 25 ವರ್ಷ ಹೆಚ್ಚಾಗಿ ಬರೋ ದುಡ್ಡಿಂದ, ಜೊತೆಗೆ ಬಿಲ್ಡರ್‌ಗಳ ಪಾಲಿಂದ. 2021ರ ಸೆಪ್ಟೆಂಬರ್ 20ಕ್ಕೆ ರೈಲು ಓಡ್ತು. ಪಾಳು ಬಿದ್ದಿದ್ದ ಜಾಗಕ್ಕೆ ಜನ ಬರೋ ಹಾಗೆ ಮಾಡಿದ್ದು ಆ ರೈಲೇ, ಅದಕ್ಕೇ ಲೆಕ್ಕ ಕೂಡ್ತದೆ.

ಇದೇ ವಿಧಾನ ಶಿಕಾಗೋದಲ್ಲಿ ಹೇಗೆ ಕೆಟ್ಟಿತು ಅನ್ನೋದನ್ನೂ ಹೇಳ್ಬೇಕು. ಇಲಿನಾಯ್ ರಾಜ್ಯದ ಕಾನೂನು 1977ರದ್ದು, ಒಂದ್ಸಲ ಗೆರೆ ಎಳೆದ್ರೆ 23 ವರ್ಷ ಹೆಚ್ಚುವರಿ ತೆರಿಗೆ ಅದೇ ಖಾತೆಗೆ. ಹಿಂದುಳಿದ ಏರಿಯಾ ಎತ್ತೋಕೆ ಅಂತ ಬಂದಿದ್ದು. ಆದ್ರೆ 2019ರಲ್ಲಿ ಲಿಂಕನ್ ಯಾರ್ಡ್ಸ್ ಅನ್ನೋ ಪ್ರಾಜೆಕ್ಟಿಗೆ 130 ಕೋಟಿ ಡಾಲರ್‌ವರೆಗೆ ಒಪ್ಪಿಗೆ ಕೊಟ್ರು, ಅದೂ ಶ್ರೀಮಂತರೇ ಇರೋ ಏರಿಯಾ ಪಕ್ಕ! ಅಲ್ಲಿ ಹೆಂಗಿದ್ರೂ ಯಾರಾದ್ರೂ ಬಿಲ್ಡಿಂಗ್ ಕಟ್ಟೇ ಕಟ್ತಿದ್ರು, ಆ ತೆರಿಗೆ ಶಾಲೆಗಳಿಗೂ ಹೋಗ್ತಿತ್ತು ಅಂತ ಪೋಷಕರ ಸಂಘಟನೆ ಕೋರ್ಟಿಗೂ ಹೋಯ್ತು. ಆದ್ರೆ ಅದೇ ಶಿಕಾಗೋ 2016ರಲ್ಲಿ ಹಳೇ ಮೆಟ್ರೋ ಲೈನ್ ರಿಪೇರಿಗೆ ಇದೇ ದಾರಿ ಹಿಡಿದಾಗ ಶಾಲೆಯ ಪಾಲು ಮೊದ್ಲೇ ತೆಗೆದಿಟ್ಟು ಉಳಿದಿದ್ದರಲ್ಲಿ ಹೆಚ್ಚಿನ ಪಾಲನ್ನ ರೈಲಿಗೆ ಕೊಡೋ ಹಾಗೆ ಕಾನೂನು ಮಾಡ್ಕೊಂಡ್ರು. ಅಂದ್ರೆ ಸರಿ ಮಾಡ್ಬೇಕು ಅಂದ್ರೆ ಮಾಡಬಹುದು.

ಈಗ ನಮ್ಮೂರಿಗೆ ಬರ್ತೀನಿ. ಬೆಂಗಳೂರಿಗೆ ಸಾಲ ಎತ್ತೋದು ಹೊಸದೇನಲ್ಲ, 1997ರಲ್ಲೇ ಮಹಾನಗರ ಪಾಲಿಕೆ 125 ಕೋಟಿ ರೂಪಾಯಿ ಬಾಂಡ್ ತಂದಿತ್ತು. ಸಮಸ್ಯೆ ಬೇರೆ ಕಡೆ ಇದೆ. ನಿಮ್ಮ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ. ಎ ಇಂದ ಎಫ್‌ವರೆಗೆ ಯಾವ್ದೋ ಒಂದು ಜೋನ್, ಎಷ್ಟು ಚದರಡಿ, ಸ್ವಂತಕ್ಕೋ ಬಾಡಿಗೆಗೋ, ಕಟ್ಟಡ ಎಷ್ಟು ಹಳೇದು, ಆಮೇಲೆ ಗ್ರಂಥಾಲಯದ ಸೆಸ್ಸು ಭಿಕ್ಷುಕರ ಸೆಸ್ಸು, ಏಪ್ರಿಲ್‌ನಲ್ಲೇ ಕಟ್ಟಿದ್ರೆ 5% ರಿಯಾಯಿತಿ. ಚದರಡಿ ಲೆಕ್ಕದ ಈ ಪದ್ಧತಿ ಬಂದಿದ್ದು 2008ರಲ್ಲಿ, ದರ ಏರಿಸಿದ್ದು 2016ರಲ್ಲಿ. ವೈಟ್‌ಫೀಲ್ಡ್‌ಗೆ ಮೆಟ್ರೋ ಬಂದಿದ್ದು 2023ರಲ್ಲಿ. ಮನೆ ಮುಂದೆ ಸ್ಟೇಷನ್ ಬಂದು ಜಾಗದ ಬೆಲೆ ಹಾರಿದ್ರೂ ರಸೀದಿಯಲ್ಲಿ ಅದು ತಾನಾಗೇ ಕಾಣಿಸೋದೇ ಇಲ್ಲ. ಗೈಡೆನ್ಸ್ ವ್ಯಾಲ್ಯೂ, ಅಂದ್ರೆ ಸರ್ಕಾರ ಜಾಗಕ್ಕೆ ಗೊತ್ತು ಮಾಡೋ ಬೆಲೆ, ಅದರ ಮೇಲೆ ತೆರಿಗೆ ಹಾಕೋ ಕರಡು 2024ರಲ್ಲಿ ಬಂತು, ಗಲಾಟೆ ಆಯ್ತು, ಪಕ್ಕಕ್ಕೆ ಹೋಯ್ತು. ಹೀಗಿದ್ರೆ ಬೆಲೆ ಏರಿದ ಲಾಭದಲ್ಲಿ ಯಾವ ಹೆಚ್ಚುವರಿ ತೆರಿಗೆ ತೋರಿಸಿ ಸಾಲ ಕೇಳೋದು? ಹೊಸ ಕಟ್ಟಡದಿಂದ ಬಂದಷ್ಟೇ ಬಂತು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ, ಸಿಲ್ಕ್ ಬೋರ್ಡ್‌ನಿಂದ ಕೆ.ಆರ್.ಪುರಕ್ಕೆ ಔಟರ್ ರಿಂಗ್ ರೋಡ್ ಮೇಲೆ ಲೈನ್ ಕಟ್ತಾ ಇದಾರಲ್ಲ, ಅದರ ಎರಡೂ ಪಕ್ಕ ಗೆರೆ ಎಳೆದು ಅಲ್ಲಿ ತೆರಿಗೆಯನ್ನ ಜಾಗದ ಬೆಲೆಗೆ ಕಟ್ಟಿ, ಹೆಚ್ಚಿದ್ದನ್ನ ಆ ಲೈನಿಗೆ, ಅದಕ್ಕೆ ಸೇರೋ ಫುಟ್‌ಪಾತಿಗೆ, ರಾಜಕಾಲುವೆಗೆ ಹಾಕಿ. ಕಂಪನಿಗಳು ಮನಸ್ಸು ಮಾಡಿ ಕೊಡ್ಲಿ ಅಂತ ಕಾಯೋದು ಸಾಕು. ಇನ್ಫೋಸಿಸ್ ಫೌಂಡೇಶನ್ ಕೋನಪ್ಪನ ಅಗ್ರಹಾರ ಸ್ಟೇಷನ್‌ಗೆ 200 ಕೋಟಿ ಕೊಟ್ಟಿದ್ದು ದೊಡ್ಡ ಮನಸ್ಸೇ, ಸಂತೋಷ, ಆದ್ರೆ ದಾನದ ಮೇಲೆ ಊರು ಕಟ್ಟೋಕಾಗಲ್ಲ.

ಎರಡು ಭಯ ನನಗೂ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಆದ್ವು. ಐಟಿ ಕಾರಿಡಾರಿನ ದೊಡ್ಡ ಪಾಲು, ಮಹದೇವಪುರ ಕೆ.ಆರ್.ಪುರ, ಪೂರ್ವ ಪಾಲಿಕೆಗೆ ಸೇರ್ತು. ಅಲ್ಲಿನ ಹೆಚ್ಚುವರಿ ತೆರಿಗೆಯೆಲ್ಲ ಅಲ್ಲೇ ಬೀಗ ಹಾಕಿಟ್ರೆ ಪಶ್ಚಿಮದ ಹಳೇ ಬಡಾವಣೆಗಳ ಒಡೆದ ಒಳಚರಂಡಿ ಯಾರು ಸರಿ ಮಾಡ್ತಾರೆ? ಅದಕ್ಕೆ ಒಂದು ಪಾಲು ಮೊದ್ಲೇ ಎಲ್ಲರಿಗೂ ಅಂತ ತೆಗೆದಿಡಲೇಬೇಕು. ಇನ್ನೊಂದು, ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ಗೆ ಮುಗೀತು, ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್‌ಗಳೇ ಇಲ್ಲದೆ ಊರು ನಡೀತು. ಇಪ್ಪತ್ತು ಇಪ್ಪತ್ತೈದು ವರ್ಷದ ತೆರಿಗೆಯನ್ನ ಅಡ ಇಡೋ ನಿರ್ಧಾರ ಅಧಿಕಾರಿಗಳ ಸಹಿಯಲ್ಲಿ ಆಗಬಾರದು, ನಾವು ಓಟು ಹಾಕಿ ಕಳಿಸಿದವರು ಎದುರಿಗೆ ಕೂತು ಚರ್ಚೆ ಮಾಡಿ ಒಪ್ಪಬೇಕು, ಆ ಖಾತೆಗೆ ಎಷ್ಟು ಬಂತು ಎಷ್ಟು ಹೋಯ್ತು ಅಂತ ಪ್ರತಿ ವರ್ಷ ವೆಬ್‌ಸೈಟಲ್ಲಿ ಕಾಣಬೇಕು.

ಪೆನ್ಷನ್ ಮೇಲೆ ಬದುಕ್ತಿರೋ, ಮೂವತ್ತು ವರ್ಷದ ಹಿಂದೆ ಮನೆ ಕಟ್ಟಿಸಿದವರು ಏನ್ಮಾಡ್ಬೇಕು ಅಂತ ಕಾಮೆಂಟಲ್ಲಿ ಬರುತ್ತೆ ಗೊತ್ತು, ನ್ಯಾಯವಾದ ಪ್ರಶ್ನೆ. ಅವರ ಮನೆ ಬೆಲೆ ಎರಡು ಕೋಟಿ ಆದ್ರೂ ಕೈಗೆ ಬಂದಿದ್ದು ಏನೂ ಇಲ್ಲ. ಶಿಕಾಗೋ ಇರೋ ಇಲಿನಾಯ್‌ನಲ್ಲೇ ಆದಾಯ ಕಡಿಮೆ ಇರೋ ಹಿರಿಯರಿಗೆ ಆಸ್ತಿ ತೆರಿಗೆಯನ್ನ ಮುಂದಕ್ಕೆ ಹಾಕೋ ಅವಕಾಶ ಇದೆ, ಮನೆ ಮಾರಿದಾಗಲೋ ಅವರ ಕಾಲದ ನಂತರವೋ ಬಡ್ಡಿ ಸಮೇತ ಬಾಕಿ ತೀರಿದ್ರೆ ಸಾಕು. ಇಲ್ಲೂ ಹಾಗೇ ಮಾಡ್ಲಿ, ವಾಸದ ಒಂದೇ ಮನೆ ಇರೋ ಹಿರಿಯರಿಗೆ ಹೆಚ್ಚಿದ ತೆರಿಗೆ ಬಾಕಿ ಅಂತ ಖಾತೆಯಲ್ಲಿ ಬರ್ಕೊಳ್ಳಲಿ, ರಿಜಿಸ್ಟ್ರೇಷನ್ ದಿನ ಸಬ್ ರಿಜಿಸ್ಟ್ರಾರ್ ಆಫೀಸಲ್ಲೇ ಕಟ್ಟಿಸ್ಕೊಳ್ಳಲಿ. ಖಾಲಿ ಸೈಟಿಗೆ, ಬಾಡಿಗೆ ಬಿಲ್ಡಿಂಗಿಗೆ, ಟೆಕ್ ಪಾರ್ಕಿಗೆ ಈ ವಿನಾಯಿತಿ ಬೇಡ.