ಕಿಟಕಿಯ ಹಿಂದಿನ ಕಿಟಕಿ

ಆಷಾಢದಲ್ಲಿ ಒಂದು ದಿನ ಮಳೆ ಬಿಟ್ಟು ಹೊಳವಾದರೆ ನಮ್ಮ ಶಿವಮೊಗ್ಗ ಜಿಲ್ಲೆಯ ತೋಟಗಾರನಿಗೆ ಒಂದೇ ಧ್ಯಾನ: ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುವುದು. ಅಂಥ ದಿನವೇ ನಾನು ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನನ್ನು ತೋಟದಲ್ಲಿ ಬಿಟ್ಟು, ಸಾಲಕ್ಕೆ ಬೇಕಾದ ಒಂದು ಕಾಗದಕ್ಕಾಗಿ ಒಂದು ಕಚೇರಿಯ ಮೂರನೆಯ ಕಿಟಕಿಯ ಮುಂದೆ ನಿಂತಿದ್ದೆ. ಸರಳಿಗೆ ಫಲಕವೊಂದು ತೂಗುತ್ತಿತ್ತು: ‘ಸರ್ವರ್ ಇಲ್ಲ’. ಅದಕ್ಕೆ ಲ್ಯಾಮಿನೇಷನ್ ಬೇರೆ ಆಗಿತ್ತು. ತಾತ್ಕಾಲಿಕ ತೊಂದರೆಗೆ ಯಾರಾದರೂ ಲ್ಯಾಮಿನೇಷನ್ ಮಾಡಿಸುತ್ತಾರೆಯೇ?

ವಿಚಿತ್ರವೆಂದರೆ, ಎರಡನೆಯ ಕಿಟಕಿಯಲ್ಲಿ ಅದೇ ಸರ್ವರಿನಿಂದ ಕಾಗದಗಳು ಸರಾಗವಾಗಿ ಹೊರಬೀಳುತ್ತಿದ್ದವು. ಕತ್ತು ಚಾಚಿ ನಮ್ಮ ಕಿಟಕಿಯೊಳಗೆ ನೋಡಿದೆ. ಪರದೆಯ ಮೇಲೆ ಅರ್ಜಿ ತುಂಬಿ ಕುಳಿತಿದೆ, ಮೇಡಂ ಮೌಸ್ ಒತ್ತುತ್ತಿದ್ದಾರೆ, ಒತ್ತಿದಾಗಲೆಲ್ಲ ‘ಟಿಂಗ್’. ಬೆಂಗಳೂರಿನಲ್ಲಿ 15 ವರ್ಷ ಪ್ರೋಗ್ರಾಮು ಬರೆಯುವ ಪಾಪ ಮಾಡಿ ಊರಿಗೆ ಮರಳಿದವನು ನಾನು. ಆ ಸದ್ದಿನ ಗುರುತು ಹತ್ತಿತು.

ಕಂಪ್ಯೂಟರಿಗೆ ಏನಾದರೂ ಕೇಳಬೇಕಾದಾಗ ಅದು ಪುಟ್ಟದೊಂದು ಡೈಲಾಗ್ ಪೆಟ್ಟಿಗೆಯನ್ನು ತೆರೆದು, ಉತ್ತರ ಸಿಗುವವರೆಗೆ ಮುಖ್ಯ ವಿಂಡೋದ ಕೈಕಾಲು ಕಟ್ಟಿ ಕೂರಿಸುತ್ತದೆ. ಅಲ್ಲಿಯವರೆಗೆ ಆ ವಿಂಡೋವನ್ನು ಒತ್ತಿದರೆ ಬರುವುದು ‘ಟಿಂಗ್’ ಮಾತ್ರ. ತಪ್ಪೇನಿಲ್ಲ. ಆದರೆ ಈ ಪೆಟ್ಟಿಗೆಯ ಯಜಮಾನ ಯಾವ ವಿಂಡೋ ಎಂದು ಪ್ರೋಗ್ರಾಮು ಬರೆದವನು ಹೇಳಿರಬೇಕು. ಹೇಳಿದ್ದರೆ ಪೆಟ್ಟಿಗೆ ಯಜಮಾನನ ಮೇಲೆಯೇ ನಿಲ್ಲುತ್ತದೆ. ಹೇಳದಿದ್ದರೆ ಬೀಡಾಡಿ ಎಮ್ಮೆಯಂತೆ ಎಲ್ಲೋ ಹಿಂದೆ ಹೋಗಿ ಮಲಗಿಬಿಡಬಹುದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿ ಗರ್ಭಗುಡಿಯ ಹಿಂದೆ ನಿದ್ದೆ ಹೋಗಿದ್ದ.

“ಮೇಡಂ, ಆಲ್ಟ್ ಒತ್ತಿಕೊಂಡು ಒಮ್ಮೆ ಟ್ಯಾಬ್ ಒತ್ತಿ ನೋಡಿ” ಎಂದೆ.

“ಅದಕ್ಕೆಲ್ಲ ನಮಗೆ ಅಧಿಕಾರವಿಲ್ಲ ಸರ್. ಹೋದ ತಿಂಗಳೇ ಮೇಲಕ್ಕೆ ಬರೆದಿದ್ದೇವೆ.”

“ಒತ್ತಿ ಮಾರಾಯರೇ, ಮುರಿದರೆ ನಾನು ಕಟ್ಟಿಕೊಡುತ್ತೇನೆ” ಎಂದರು ನನ್ನ ಹಿಂದಿದ್ದ ಹಿರಿಯರು.

ಒತ್ತಿದರು. ಪೆಟ್ಟಿಗೆ ಎದ್ದು ಬಂತು: ‘ಮುದ್ರಿಸಬೇಕೆ? ಹೌದು / ಇಲ್ಲ’. ಬೆಳಗಿನಿಂದ ಹನ್ನೊಂದು ಜನ ಕೊಡೆ ಮಡಚಿ ನಿಂತದ್ದು ಈ ಒಂದು ಪ್ರಶ್ನೆಗೆ.

‘ಹೌದು’ ಒತ್ತಿದ್ದೇ ತಡ, ಅರ್ಜಿ ಮರೆಯಾಗಿ ಅರ್ಧ ಆಡಿ ಬಿಟ್ಟ ಇಸ್ಪೀಟು ಪರದೆಯ ತುಂಬ ಹರಡಿಕೊಂಡಿತು. ಸಾಲಿನಲ್ಲಿ ಒಂದು ಕ್ಷಣ ಮೌನ.

“ಆ ಕೆಂಪು ಏಳನ್ನು ಕಪ್ಪು ಎಂಟರ ಮೇಲೆ ಹಾಕಬಹುದು” ಎಂದರು ಹಿರಿಯರು, ಸಹಾಯವಾಗಲಿ ಎಂದು.

ಆಟ ಆಡಿದ್ದು ಮೇಡಂ ಇರಬಹುದು, ಆಟ ಬಯಲಿಗೆ ತಂದವನು ಮಾತ್ರ ಪ್ರೋಗ್ರಾಮರ್. ಪೆಟ್ಟಿಗೆ ಮುಚ್ಚುವ ಮೊದಲು ಮುಖ್ಯ ವಿಂಡೋದ ಕಟ್ಟು ಬಿಚ್ಚಬೇಕು. ಇವನು ಮೊದಲು ಪೆಟ್ಟಿಗೆ ಮುಚ್ಚಿದ, ಆಮೇಲೆ ಕಟ್ಟು ಬಿಚ್ಚಿದ. ನಡುವಿನ ಆ ಗಳಿಗೆಯಲ್ಲಿ ವಿಂಡೋಸ್, ಫೋಕಸ್ (ಮುಂದೆ ನಿಂತು ಕೀಲಿಮಣೆಯ ಮಾತು ಕೇಳುವ ಹಕ್ಕು) ಯಾರಿಗೆ ಕೊಡಲಿ ಎಂದು ಹುಡುಕುತ್ತದೆ. ಮುಖ್ಯ ವಿಂಡೋದ ಕೈ ಕಟ್ಟಿದೆ, ಸರಿ, ಪಕ್ಕದವನಿಗೆ ಕೊಟ್ಟಿತು. ಎರಡು ಸಾಲು ಹಿಂದುಮುಂದಾದದ್ದಕ್ಕೆ ಒಬ್ಬ ನೌಕರರ ಮಾನ ಹೋಯಿತು.

ಇದರ ಅಣ್ಣ ಇನ್ನೊಬ್ಬನಿದ್ದಾನೆ: ಕರೆಯದೆ ಬರುವ ಪೆಟ್ಟಿಗೆ. ಬೇರೆ ಪ್ರೋಗ್ರಾಮುಗಳು ಹೀಗೆ ನುಗ್ಗಿ ಫೋಕಸ್ ಕಸಿಯದಂತೆ ವಿಂಡೋಸ್ 98 ಮತ್ತು 2000ರ ಕಾಲದಿಂದಲೇ ಕಟ್ಟುಪಾಡಿದೆ. ಅವು ಕೆಳಗಿನ ಪಟ್ಟಿಯಲ್ಲಿ ಮಿಣುಕುತ್ತ ಕಾಯಬೇಕು. ಮನೆಯೊಳಗಿನವನಿಗೆ ಆ ತಡೆ ಇಲ್ಲ. ಮೇಡಂ ಕೀಲಿಮಣೆಯನ್ನೇ ನೋಡುತ್ತ ಎರಡು ಬೆರಳಿನಲ್ಲಿ ನನ್ನ ಸರ್ವೆ ನಂಬರು ಒತ್ತಿ, ಎಂಟರ್ ಹೊಡೆಯುವಷ್ಟರಲ್ಲಿ ಅದೇ ಪ್ರೋಗ್ರಾಮು ‘ಅವಧಿ ಮುಗಿಯಿತು, ಹೊರಹೋಗಬೇಕೆ?’ ಎಂದು ಎದ್ದು ನಿಂತಿತ್ತು. ಎಂಟರ್ ನೇರ ‘ಹೌದು’ ಮೇಲೆ ಬಿತ್ತು. ಅರ್ಜಿ ಮೊದಲಿನಿಂದ.

ಕಾಗದ ಕೈಗೆ ಬರುವಾಗ ಆಗುಂಬೆ ಕಡೆಯಿಂದ ಮೋಡ ಕವಿದಿತ್ತು. ಕೊನೆಗಾರ ಮರ ಇಳಿದು ಮನೆಗೆ ಹೋಗಿದ್ದ.

ದೂರು ಮೇಲಕ್ಕೆ ಹೋದದ್ದು ವ್ಯರ್ಥವಾಗಲಿಲ್ಲ. ಹದಿನೈದು ದಿನಗಳಲ್ಲಿ ಹೊಸ ಕಂಪ್ಯೂಟರ್ ಬಂತು, ಪ್ರೋಗ್ರಾಮು ಹಳೆಯದೇ. ಪರದೆ ಮೊದಲಿಗಿಂತ ದೊಡ್ಡದು, ಪೆಟ್ಟಿಗೆಗೆ ಅಡಗಲು ಜಾಗ ಧಾರಾಳ. ಸರಳಿಗೆ ಹೊಸ ಫಲಕವೂ ಬಂದಿದೆ, ಲ್ಯಾಮಿನೇಷನ್ ಸಹಿತ: ‘ಆಲ್ಟ್–ಟ್ಯಾಬ್ ಒತ್ತುವವರು ಊಟಕ್ಕೆ ಹೋಗಿದ್ದಾರೆ.’