ಇಟಲಿಯವರಿಗೆ ‘ದಿ’ ಕಲಿಸಬೇಡಿ, ಬಿಡಿಸಿ

ಇಟಲಿಯ ಟ್ಯೂರಿನ್‌ನಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ ಎಂದರೆ ನಮ್ಮ ಕಡೆಯ ನೆಂಟರಿಗೆ ನಗು. ‘ಯೂರೋಪಿನವರಿಗೆ ನೀನು ಇಂಗ್ಲಿಷ್ ಕಲಿಸುವುದೇನಯ್ಯ!’ ಎನ್ನುತ್ತಾರೆ. ಇಟಲಿಯ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಕಡ್ಡಾಯವಾದದ್ದು 2003ರ ಸುಧಾರಣೆಯಿಂದ ಈಚೆಗೆ. ಅದಕ್ಕೆ ಮುಂಚಿನ ತಲೆಮಾರಿನಲ್ಲಿ ಶಾಲೆಯಲ್ಲಿ ಫ್ರೆಂಚ್ ಓದಿಕೊಂಡವರೇ ಬಹಳ. ನನ್ನ ತರಗತಿಗೆ ಬರುವವರೂ ಅವರೇ. ದಿನದ ದುಡಿಮೆ ಮುಗಿಸಿ, ದಣಿದು, ಆದರೂ ಹಟದಿಂದ ಬಂದು ಕೂರುತ್ತಾರೆ.

ನನ್ನ ತಕರಾರು ಅವರ ಮೇಲಲ್ಲ, ಅವರ ಕೈಗೆ ಕೊಡುವ ಪುಸ್ತಕದ ಮೇಲೆ. ಲೋಕಕ್ಕೆಲ್ಲ ಒಂದೇ ಪುಸ್ತಕ. ಜಪಾನಿನವರಿಗೂ ಅದೇ, ರಷ್ಯದವರಿಗೂ ಅದೇ, ಇಟಲಿಯವರಿಗೂ ಅದೇ. ಜಪಾನೀ, ರಷ್ಯನ್, ಕನ್ನಡದಂತಹ ಭಾಷೆಗಳಲ್ಲಿ ಆರ್ಟಿಕಲ್, ಅಂದರೆ ನಾಮಪದದ ಮುಂದೆ ಬರುವ ‘ದಿ’, ‘ಎ’ಗಳಂತಹ ಪುಟ್ಟ ಪದ, ಇಲ್ಲ. ಹಾಗಾಗಿ ‘ದಿ ಎಂದರೆ ಏನು, ಎ ಎಂದರೆ ಏನು’ ಎಂದು ನಮಗೆ ಮೊದಲಿನಿಂದ ಹೇಳಬೇಕು, ಸರಿ. ಇಟಲಿಯವರಿಗೆ ಯಾಕೆ? ಅವರ ಭಾಷೆಯಲ್ಲಿ ‘ದಿ’ ಒಂದಕ್ಕೆ ಏಳು ರೂಪ: ಇಲ್, ಲೋ, ಲಾ, ಸ್ವರದ ಮುಂದೆ ಬರೀ ಒಂದು ಎಲ್, ಬಹುವಚನಕ್ಕೆ ಈ, ಲ್ಯೀ, ಲೇ. ಪುಸ್ತಕವಾದರೆ ‘ಇಲ್ ಲೀಬ್ರೊ’, ವಿದ್ಯಾರ್ಥಿಯಾದರೆ ‘ಲೋ ಸ್ತುದೆಂತೆ’. ಮುಂದಿನ ಪದದ ಲಿಂಗ, ವಚನ, ಮೊದಲ ಉಲಿ ಮೂರನ್ನೂ ಕಣ್ಣು ಮಿಟುಕಿಸುವಷ್ಟರಲ್ಲಿ ಲೆಕ್ಕ ಹಾಕಿ ಆರ್ಟಿಕಲ್ ಆರಿಸುವ ಜನರನ್ನು ಕೂರಿಸಿಕೊಂಡು ‘ಸ್ವರದ ಮುಂದೆ ಆನ್ ಬರುತ್ತದೆ’ ಎಂದು ಇಡೀ ಪಾಠ ಮಾಡುವುದು ಅನ್ಯಾಯ.

ಅವರಿಗೆ ಕಷ್ಟ ಇರುವುದು ಹಾಕುವುದರಲ್ಲಲ್ಲ, ಬಿಡುವುದರಲ್ಲಿ. ‘ಐ ಲೈಕ್ ದಿ ಮ್ಯೂಸಿಕ್’ ಎನ್ನುತ್ತಾರೆ, ಯಾವ ಸಂಗೀತ ಎಂದು ಕೇಳಿದರೆ ತಬ್ಬಿಬ್ಬಾಗುತ್ತಾರೆ. ಅವರ ಭಾಷೆಯಲ್ಲಿ ಸಂಗೀತ, ಪ್ರೀತಿ, ಹಣ ಮುಂತಾದವನ್ನು ಒಟ್ಟಾರೆಯಾಗಿ ಹೇಳುವಾಗಲೂ ಆರ್ಟಿಕಲ್ ಬೇಕು, ದೇಶಗಳ ಹೆಸರಿನ ಮುಂದೂ ಸಾಮಾನ್ಯವಾಗಿ ಬರುತ್ತದೆ. ನನ್ನ ಕಾರು ಎನ್ನಲು ‘ಲಾ ಮೀಯ ಮಾಕ್ಕಿನಾ’, ಅದರಿಂದಲೇ ‘ದಿ ಮೈ ಕಾರ್’. ಆದರೆ ಇಟಾಲಿಯನ್ನಿನಲ್ಲೇ ಒಂದು ವಿನಾಯಿತಿ ಇದೆ: ನನ್ನ ತಾಯಿ, ನನ್ನ ತಂದೆ ಎಂದು ಹತ್ತಿರದ ಬಂಧುವನ್ನು ಏಕವಚನದಲ್ಲಿ ಹೇಳುವಾಗ ಆರ್ಟಿಕಲ್ ಬಿಡುತ್ತಾರೆ. ‘ಮೀಯ ಮಾದ್ರೆ’, ಅಷ್ಟೇ. ನಾನು ಅದನ್ನೇ ಹಿಡಿದುಕೊಂಡೆ. ಇಂಗ್ಲಿಷಿನಲ್ಲಿ ಕಾರು, ಮನೆ, ನಾಯಿ, ಬ್ಯಾಂಕಿನ ಸಾಲ ಎಲ್ಲವೂ ನಿಮ್ಮ ತಾಯಿಯೇ ಎಂದು ತಿಳಿಯಿರಿ ಎಂದೆ. ತರಗತಿ ನಕ್ಕಿತು, ‘ದಿ ಮೈ’ ಬಹುಮಟ್ಟಿಗೆ ನಿಂತುಹೋಯಿತು. ಲೋಕಕ್ಕೆಲ್ಲ ಸಲ್ಲುವ ಪುಸ್ತಕದಲ್ಲಿ ಇಂಥ ಮಾತಿಗೆ ಜಾಗವೇ ಇಲ್ಲ, ಏಕೆಂದರೆ ಅದು ಜಪಾನಿನವರಿಗೆ ಅರ್ಥವಾಗುವುದಿಲ್ಲ.

ಇನ್ನು ಎರಡು ಕಡೆ ಮಾತ್ರ ಎಚ್ಚರಿಸಿದರೆ ಸಾಕು. ಕಸುಬು ಹೇಳುವಾಗ ಅವರು ಆರ್ಟಿಕಲ್ ನುಂಗಿ ‘ಐ ಆಮ್ ನರ್ಸ್’ ಎನ್ನುತ್ತಾರೆ (ನಮ್ಮವರೂ ಹೀಗೆಯೇ ಹೇಳುತ್ತಾರೆ, ಕಾರಣ ಬೇರೆ). ಮತ್ತೊಂದು, ಅವರ ನಾಲಿಗೆಗೆ ಹಕಾರವಿಲ್ಲದ್ದರಿಂದ ಹೌಸ್ ‘ಔಸ್’ ಆಗಿ, ಅದರ ಮುಂದೆ ಎ ಹೋಗಿ ಆನ್ ಬರುತ್ತದೆ. ಅವರ ಕಿವಿಯ ಲೆಕ್ಕದಲ್ಲಿ ಅದು ಸರಿಯೇ.

ಕ್ಯಾನ್, ಮಸ್ಟ್, ಶುಡ್‌ನಂತಹ ಮೋಡಲ್ ಕ್ರಿಯಾಪದಗಳ ಕಥೆ ಬೇರೆ. ಹೋಗಬೇಕು, ಮಾಡಬೇಕು ಎನ್ನುವಾಗಿನ ‘ಬೇಕು’ಗೆ ಅವರಲ್ಲಿ ‘ದೊವೇರೆ’. ನಾನು ಎಂದರೆ ದೇವೊ, ನೀನು ಎಂದರೆ ದೇವಿ, ಅವನು ಎಂದರೆ ದೇವೆ, ನಾವು ಎಂದರೆ ದೊಬ್ಬಿಯಾಮೊ, ನೀವು ಎಂದರೆ ದೊವೇತೆ, ಅವರು ಎಂದರೆ ದೇವೊನೊ. ಇಷ್ಟೆಲ್ಲ ಅಭ್ಯಾಸವಾದವರಿಗೆ ಮಸ್ಟ್ ಎಂಬುದು ಯಾರ ಮುಂದೆಯೂ ಬಾಗದೆ ಒಂದೇ ರೂಪದಲ್ಲಿ ನಿಲ್ಲುವುದನ್ನು ನಂಬಲಾಗುವುದಿಲ್ಲ. ‘ಹಿ ಕ್ಯಾನ್ಸ್’, ‘ಐ ಮಸ್ಟ್ ಟು ಗೋ’ ಹುಟ್ಟುವುದು ಹೀಗೆ. ಇಲ್ಲಿ ಕನ್ನಡಿಗರಿಗೆ ಸುಲಭ: ನಾನು ಹೋಗಬೇಕು, ಅವಳು ಹೋಗಬೇಕು, ಅವರು ಹೋಗಬೇಕು. ಇದು ನನಗೆ ಕನ್ನಡದಿಂದ ಬಿಟ್ಟಿ ಸಿಕ್ಕ ಅನುಕೂಲ, ನನ್ನ ಜಾಣತನವೇನಲ್ಲ.

ರೂಪದ ತಪ್ಪು ತಪ್ಪೇ ಹೊರತು ಅಪಾಯವಲ್ಲ. ‘ಹಿ ಕ್ಯಾನ್ಸ್’ ಎಂದರೂ ಕೇಳುವವನಿಗೆ ತಿಳಿಯುತ್ತದೆ. ಅಪಾಯ ಇರುವುದು ನಿಷೇಧದಲ್ಲಿ. ಐರ್ಲೆಂಡಿಗೆ ಕೆಲಸಕ್ಕೆ ಹೋಗಲು ತಯಾರಾಗುತ್ತಿದ್ದ ನರ್ಸ್ ಒಬ್ಬರಿಗೆ ಒಂದು ಚೀಟಿ ಬರೆಯಲು ಹೇಳಿದ್ದೆ: ಈ ಮಾತ್ರೆಯನ್ನು ಊಟದ ಜೊತೆ ತೆಗೆದುಕೊಳ್ಳಕೂಡದು. ಅವರು ಚೆಂದದ ಅಕ್ಷರದಲ್ಲಿ ‘ಯು ಡೋಂಟ್ ಹ್ಯಾವ್ ಟು ಟೇಕ್’ ಎಂದು ಆರಂಭಿಸಿದರು. ಅಂದರೆ, ಊಟದ ಜೊತೆ ತೆಗೆದುಕೊಳ್ಳಲೇಬೇಕೆಂದಿಲ್ಲ, ನಿಮ್ಮಿಷ್ಟ! ವ್ಯಾಕರಣ ನೋಡಿದರೆ ಒಂದು ತಪ್ಪೂ ಇಲ್ಲ. ಇಟಾಲಿಯನ್ನಿನ ‘ನೊನ್ ದೇವೆ’ ಎಂಬ ಒಂದೇ ಮಾತು ‘ಕೂಡದು’ ಎಂಬುದಕ್ಕೂ ಆಗುತ್ತದೆ, ‘ಬೇಕಾಗಿಲ್ಲ’ ಎಂಬುದಕ್ಕೂ ಆಗುತ್ತದೆ. ಯಾವುದು ಎಂಬುದನ್ನು ದನಿಯೋ ಸಂದರ್ಭವೋ ಹೇಳಬೇಕು, ಇಲ್ಲವೇ ‘ಬೇಕಾಗಿಲ್ಲ’ ಎನ್ನಲು ಕೊನೆಗೆ ‘ಪೆರ್ ಫೋರ್ತ್ಸಾ’, ಅಂದರೆ ‘ಕಡ್ಡಾಯವಾಗಿ’, ಸೇರಿಸಬೇಕು. ಚೀಟಿಗೆ ದನಿ ಇರುವುದಿಲ್ಲ. ಇಷ್ಟು ಮುಖ್ಯವಾದ ವಿಷಯಕ್ಕೆ ನಾನು ಬಳಸುವ ಪುಸ್ತಕ ಕೊಟ್ಟಿರುವುದು ಅರ್ಧ ಪುಟ. ಮಸ್ಟ್ ಮತ್ತು ಹ್ಯಾವ್ ಟು ನಡುವಿನ ಕೂದಲೆಳೆಯ ವ್ಯತ್ಯಾಸಕ್ಕೆ ಮಾತ್ರ ಪೂರಾ ಎರಡು ಪುಟ.

ಪರೀಕ್ಷೆಗಳೂ ಇದಕ್ಕೆ ನೆರವಾಗುವುದಿಲ್ಲ. 2018ರಿಂದ ಇಲ್ಲಿನ ‘ಇನ್ವಾಲ್ಸಿ’ ಎಂಬ ಶಾಲಾ ಮಕ್ಕಳ ರಾಷ್ಟ್ರೀಯ ಪರೀಕ್ಷೆಯಲ್ಲಿ ಇಂಗ್ಲಿಷೂ ಸೇರಿದೆ, ಆದರೆ ಅದು ಅಳೆಯುವುದು ಓದಿ ತಿಳಿಯುವುದನ್ನೂ ಕೇಳಿ ತಿಳಿಯುವುದನ್ನೂ ಮಾತ್ರ. ಹುಡುಗನೊಬ್ಬ ‘ಯು ಡೋಂಟ್ ಹ್ಯಾವ್ ಟು ಸ್ಮೋಕ್ ಹಿಯರ್’ ಎಂದು ಬರೆದು ಸಿಗರೇಟು ನಿಷೇಧಿಸಿದೆನೆಂದು ತಿಳಿದುಕೊಂಡಿದ್ದರೆ, ಆ ಪರೀಕ್ಷೆಗೆ ಅದು ಕಾಣುವುದೇ ಇಲ್ಲ.

ನನ್ನ ಮಾತು ನಡೆಯುವುದಾದರೆ ಪಾಠ ಶುರುವಾಗಬೇಕಾದದ್ದು ಕಾಫಿ ಬಾರಿನಿಂದ. ಇಲ್ಲಿ ನಯವಾಗಿ ಕಾಫಿ ಕೇಳುವವರು ‘ಬೇಕು’ ಎನ್ನುವುದಿಲ್ಲ, ‘ವೊರ್ರೆಯಿ’ ಎನ್ನುತ್ತಾರೆ. ಅದು ನೇರವಾಗಿ ವುಡ್ ಲೈಕ್. ಅದರ ಒಡಹುಟ್ಟಿದ ‘ಪೊತ್ರೆಯಿ’ ಕುಡ್, ‘ದೊವ್ರೆಯಿ’ ಶುಡ್. ಮೂರೂ ಅವರಿಗೆ ಆಗಲೇ ಗೊತ್ತು, ಬರಿಯ ಬಟ್ಟೆ ಬದಲಾಯಿಸಿದರೆ ಸಾಕು. ಈಜು ಬರುತ್ತದೆ ಎನ್ನಲು ಅವರು ಬಳಸುವ ‘ಸಪೇರೆ’ ಕ್ಯಾನ್ ಆಗುತ್ತದೆ ಎಂಬುದನ್ನು ಒಂದು ಸಾಲಿನಲ್ಲಿ ಹೇಳಿ, ಎರಡನೆಯ ದಿನವೇ ಮಾತ್ರೆಯ ಚೀಟಿಗೆ ಬರಬೇಕು. ಮಸ್ಟ್, ಹ್ಯಾವ್ ಟುಗಳ ನಯವನ್ನು ಬೇಕಿದ್ದವರು ಮುಂದಿನ ವರ್ಷ ಕಲಿಯಲಿ. ಸೆಪ್ಟೆಂಬರಿನ ಹೊಸ ತಂಡಕ್ಕೆ ಪುಸ್ತಕ ಕೊಳ್ಳಬೇಡಿ ಎಂದು ಈಗಲೇ ಹೇಳಿಬಿಟ್ಟಿದ್ದೇನೆ. ಸಂಸ್ಥೆಯವರು ಮುನಿಸಿಕೊಂಡಿದ್ದಾರೆ.